ಕಿಟಕಿ ತೆರೆಯದಿದ್ದರೆ ಎದೆಗುಂದಬೇಡಿ
(ಹೊಸದಾಗಿ ಪ್ರೋಗ್ರಾಮು ಬರೆಯಲು ಕಲಿಯುವವರಿಗೆ ಒಂದು ಪಾಠ)

ಕಳೆದ ಮಳೆಗಾಲದ ಒಂದು ಭಾನುವಾರ. ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವಷ್ಟರಲ್ಲಿಯೇ ನಮ್ಮ ಭಾನುವಾರದ ತರಗತಿಯ ತರುಣನೊಬ್ಬ ಬಂದು ಕಂಪ್ಯೂಟರಿನ ಮುಂದೆ ಕುಳಿತನು. ಉಡುಪಿ ಕಡೆಯವನು, ವಾರದ ಆರು ದಿನ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಬಿಲ್ಲಿನ ಹಣ ಎಣಿಸುವವನು. ಮನೆಗೆ ಪುಸ್ತಕ ಒಯ್ಯುವ ಸದಸ್ಯರಿಂದ ನಾವು ಪಡೆಯುವ ಠೇವಣಿಯ ಲೆಕ್ಕ ಇಡಲು ಅವನೇ ಒಂದು ಚಿಕ್ಕ ಪ್ರೋಗ್ರಾಮು ಬರೆದುಕೊಟ್ಟಿದ್ದನು. ಎರಡು ನಿಮಿಷ ಕಳೆದ ಮೇಲೆ ಅವನು ಎದ್ದು ನಿಂತು, “ಮಾಸ್ತರೇ, ಫೈಲು ಖಾಲಿಯಾಗಿದೆ. ಒಂದು ಹೆಸರೂ ಇಲ್ಲ,” ಎಂದನು. ಮುಖದಲ್ಲಿ ರಕ್ತವಿರಲಿಲ್ಲ.

ಆ ಫೈಲಿನಲ್ಲಿದ್ದುದು ಕೇವಲ ಹೆಸರುಗಳಲ್ಲ. ಪಾತ್ರೆ ತೊಳೆಯುವವರು, ಗೋದಾಮಿನಲ್ಲಿ ದುಡಿಯುವವರು, ಕಚೇರಿಯ ಗುಮಾಸ್ತರು ನಮ್ಮನ್ನು ನಂಬಿ ಕೊಟ್ಟ ಹಣದ ಲೆಕ್ಕ ಅದು. ಅದೃಷ್ಟಕ್ಕೆ ರಶೀದಿ ಪುಸ್ತಕದ ಕಾರ್ಬನ್ ಪ್ರತಿಗಳು ಕಪಾಟಿನಲ್ಲಿದ್ದುವು. ಎರಡು ಭಾನುವಾರ ಕುಳಿತು ಒಂದೊಂದಾಗಿ ಮತ್ತೆ ಬರೆದೆವು. ಯಾರ ಹಣವೂ ಹೋಗಲಿಲ್ಲ. ಆದರೆ ಆ ತರುಣನು, “ಇದು ನಮ್ಮಂಥವರಿಗೆ ಹೇಳಿದ ವಿದ್ಯೆಯಲ್ಲ, ಇಂಗ್ಲಿಷ್ ಬಲ್ಲವರಿಗೆ,” ಎಂದು ತರಗತಿಗೆ ಬರುವುದನ್ನು ಬಿಡಲು ಹೊರಟಿದ್ದನು. ಅವನ ತಪ್ಪುಗಳು ಯಾವುವು, ಅವುಗಳಲ್ಲಿ ನನ್ನದೆಷ್ಟು ಎಂಬುದನ್ನು ಈ ಪಾಠದ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಕಲಿಯುವವರೆಲ್ಲರೂ ಎಡವುವ ಕೆಲವು ಕಲ್ಲುಗಳನ್ನು ತೋರಿಸಿಕೊಡುವುದು ನನ್ನ ಉದ್ದೇಶ.

ನಮ್ಮ ನಗರಕ್ಕೂ ಈ ವಿದ್ಯೆಗೂ ಹಳೆಯ ನಂಟು ಉಂಟು. ಇಲ್ಲಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮ ದೇಶದವರೇ ಕಟ್ಟಿದ ಗಣಕಯಂತ್ರವು ೧೯೬೦ರಲ್ಲಿ ಕೆಲಸಕ್ಕೆ ತೊಡಗಿತು. ೧೯೬೨ರಲ್ಲಿ ಅದಕ್ಕೆ ‘ಟಿಫ್ರ್ಯಾಕ್’ ಎಂಬ ಹೆಸರಾಯಿತು. ಅದರ ಸ್ಮೃತಿಯಲ್ಲಿ ಹಿಡಿಸುತ್ತಿದ್ದುದು ೨೦೪೮ ಸಂಖ್ಯೆಗಳು ಮಾತ್ರ. ನೀವು ಓದುತ್ತಿರುವ ಈ ಲೇಖನವೊಂದನ್ನೇ ಇಂದಿನ ರೀತಿಯಲ್ಲಿ ತುಂಬಿದರೆ ಅದರಲ್ಲಿ ಹಿಡಿಸದು. ಅಂದು ಕೆಲವೇ ವಿದ್ವಾಂಸರ ಕೈಯಲ್ಲಿದ್ದ ವಿದ್ಯೆ ಇಂದು ವಾಚನಾಲಯದ ಮೂಲೆಯ ಮೇಜಿಗೆ ಬಂದಿದೆ. ನಾವು ಬಳಸುವುದು ‘ಪೈಥಾನ್’ ಎಂಬ ಭಾಷೆ. ೧೯೯೧ರಲ್ಲಿ ಹೊರಬಂದ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಪರದೆಯ ಮೇಲೆ ಕಿಟಕಿ, ಬಟನ್ನು, ಬರೆಯುವ ಚೌಕ ಮುಂತಾದವನ್ನು ಮೂಡಿಸಲು ಅದರ ಜೊತೆಗೇ ಬರುವ ‘ಟಿಕೆ-ಇಂಟರ್’ ಎಂಬ ಭಾಗವನ್ನು ಬಳಸುತ್ತೇವೆ.

೧. ಕೆಂಪಕ್ಷರಗಳನ್ನು ಓದುವ ಕ್ರಮ

ಪ್ರೋಗ್ರಾಮು ತಪ್ಪಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೆಂಪಕ್ಷರದ ನಾಲ್ಕಾರು ಸಾಲುಗಳು ಮೂಡುತ್ತವೆ. ಬಹುಮಂದಿ ಅವನ್ನು ಕಂಡೊಡನೆ ಕಿಟಕಿ ಮುಚ್ಚಿಬಿಡುತ್ತಾರೆ. ಇದು ಊರಿನಿಂದ ಬಂದ ಕಾಗದವನ್ನು ಒಡೆಯದೆ ಹರಿದು ಹಾಕಿದಂತೆ. ಆ ಸಾಲುಗಳು ಬೈಗುಳಲ್ಲ, ವಿಳಾಸ. ಅವನ್ನು ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು. ಕೊನೆಯ ಸಾಲು ತಪ್ಪಿನ ಜಾತಿಯನ್ನು ಹೇಳುತ್ತದೆ. ಅದರ ಮೇಲಿನ ಸಾಲುಗಳು ತಪ್ಪು ಎಷ್ಟನೆಯ ಸಾಲಿನಲ್ಲಿದೆಯೆಂದು ಹೇಳುತ್ತವೆ.

ಜಾತಿಗಳೂ ಬಹಳವಿಲ್ಲ. ‘ನೇಮ್ ಎರರ್’ ಎಂದರೆ ನೀವು ಬರೆದ ಹೆಸರು ಅದಕ್ಕೆ ಗೊತ್ತಿಲ್ಲ. ಹೆಚ್ಚಾಗಿ ಕಾಗುಣಿತದ ತಪ್ಪು. ‘ಇಂಡೆಂಟೇಶನ್ ಎರರ್’ ಎಂದರೆ ಸಾಲಿನ ಆರಂಭದಲ್ಲಿ ಬಿಟ್ಟ ಜಾಗ ಸರಿಯಾಗಿಲ್ಲ. ‘ವ್ಯಾಲ್ಯೂ ಎರರ್’ ಎಂದರೆ ಅಂಕಿ ಬೇಕಾದಲ್ಲಿ ಬೇರೇನೋ ಬಂದಿದೆ. ‘ಫೈಲ್ ನಾಟ್ ಫೌಂಡ್ ಎರರ್’ ಎಂದರೆ ಹೇಳಿದ ಜಾಗದಲ್ಲಿ ಫೈಲಿಲ್ಲ. ಇಂಥ ಹತ್ತು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಲೋಕಲ್ ಗಾಡಿಯ ಫಲಕಗಳನ್ನು ಓದಲು ಕಲಿತವರಿಗೆ ಇದು ಕಷ್ಟವಲ್ಲ.

೨. ಕಿಟಕಿ ಮಿಂಚಿ ಮಾಯವಾಗುವುದು

ಫೈಲಿನ ಮೇಲೆ ಎರಡು ಸಲ ಒತ್ತಿದರೆ ಕಿಟಕಿ ಮಿಂಚಿನಂತೆ ಕಾಣಿಸಿ ಮರೆಯಾಗುತ್ತದೆ. ಕಾರಣ ಎರಡಿರಬಹುದು. ಮೊದಲನೆಯದು, ಪ್ರೋಗ್ರಾಮಿನ ಕೊನೆಯಲ್ಲಿ ‘ಮೇನ್‌ಲೂಪ್’ ಎಂಬ ಆಜ್ಞೆಯನ್ನು ಬರೆಯಲು ಮರೆತಿರುವುದು. “ಇಲ್ಲಿಯೇ ಕಾದಿರು, ಯಾರಾದರೂ ಬಟನ್ನು ಒತ್ತಿದರೆ ವಿಚಾರಿಸು,” ಎಂಬುದು ಆ ಆಜ್ಞೆಯ ಅರ್ಥ. ಅದಿಲ್ಲದಿದ್ದರೆ ಕೊನೆಯ ಸಾಲು ಮುಗಿದೊಡನೆ ಪ್ರೋಗ್ರಾಮು ಅಂಗಡಿ ಮುಚ್ಚಿಕೊಂಡು ಹೋಗುತ್ತದೆ. ಇಲ್ಲೊಂದು ಮೋಸವುಂಟು: ಪೈಥಾನಿನ ಜೊತೆ ಬರುವ ‘ಐಡಲ್’ ಎಂಬ ಬರೆಯುವ ಕಿಟಕಿಯಿಂದ ನಡೆಸಿದಾಗ ಈ ಆಜ್ಞೆ ಇಲ್ಲದೆಯೂ ಕಿಟಕಿ ನಿಲ್ಲಬಹುದು. ಆದುದರಿಂದ “ನಿನ್ನೆ ಸರಿಯಿತ್ತು, ಇಂದು ಕೆಟ್ಟಿತು,” ಎಂದು ಕಲಿಯುವವನು ತಬ್ಬಿಬ್ಬಾಗುತ್ತಾನೆ.

ಎರಡನೆಯ ಕಾರಣ, ಪ್ರೋಗ್ರಾಮಿನಲ್ಲಿ ತಪ್ಪಿದ್ದು ಅದರ ವರದಿಯೂ ಕಪ್ಪು ಕಿಟಕಿಯೊಡನೆ ಮುಚ್ಚಿಹೋಗಿರುವುದು. ಆಗ ಐಡಲಿನೊಳಗಿಂದಲೇ ನಡೆಸಿ ನೋಡಿದರೆ ವರದಿ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ: ನಿಮ್ಮ ಫೈಲಿಗೆ ‘ಟಿಕೆ-ಇಂಟರ್’ ಎಂದೇ ಹೆಸರಿಡಬೇಡಿ. ಒಂದೇ ಚಾಳಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅಂಚೆಯವನು ಮೊದಲು ಸಿಕ್ಕಿದವನಿಗೆ ಕಾಗದ ಕೊಡುವಂತೆ, ಪೈಥಾನು ನಿಜವಾದ ಟಿಕೆ-ಇಂಟರನ್ನು ಬಿಟ್ಟು ನಿಮ್ಮ ಫೈಲನ್ನೇ ಹಿಡಿದುಕೊಳ್ಳುತ್ತದೆ.

೩. ಒತ್ತುವ ಮೊದಲೇ ಕೆಲಸ ಮಾಡುವ ಬಟನ್ನು

‘ಉಳಿಸು’ ಎಂಬ ಬಟನ್ನನ್ನು ಮಾಡಿದಿರಿ. ಪ್ರೋಗ್ರಾಮು ತೆರೆದೊಡನೆ ಅದು ತಾನಾಗಿಯೇ ಒಮ್ಮೆ ಉಳಿಸುತ್ತದೆ. ಆಮೇಲೆ ಎಷ್ಟು ಒತ್ತಿದರೂ ಸುಮ್ಮನಿರುತ್ತದೆ. ಇದು ತರಗತಿಯಲ್ಲಿ ನಾನು ಅತಿ ಹೆಚ್ಚು ಸಲ ಕಂಡ ತಪ್ಪು. ಬಟನ್ನಿನ ‘ಕಮಾಂಡ್’ ಎಂಬಲ್ಲಿ ಕೆಲಸದ ಹೆಸರನ್ನು ಮಾತ್ರ ಬರೆಯಬೇಕು. ಹೆಸರಿನ ಮುಂದೆ ಕಂಸಗಳನ್ನು ಹಾಕಬಾರದು. ಕಂಸ ಹಾಕಿದರೆ “ಈಗಲೇ ಮಾಡು” ಎಂದರ್ಥ. ಅಡುಗೆ ಭಟ್ಟರ ಹೆಸರನ್ನು ಚೀಟಿಯಲ್ಲಿ ಬರೆದು ಸಪ್ಲಾಯರನ ಕೈಯಲ್ಲಿ ಕೊಡುವುದು ಒಂದು. ಭಟ್ಟರನ್ನೇ ಈಗಲೇ ಕೂಗಿ ಕರೆಯುವುದು ಇನ್ನೊಂದು.

ಇದರ ಸೋದರನಂಥ ತಪ್ಪೊಂದಿದೆ. ಬರೆಯುವ ಚೌಕವನ್ನು ಮಾಡುವ ಸಾಲಿನಲ್ಲಿಯೇ ಅದನ್ನು ಕಿಟಕಿಯಲ್ಲಿ ಕೂರಿಸುವ ‘ಪ್ಯಾಕ್’ ಆಜ್ಞೆಯನ್ನೂ ಪೋಣಿಸಿ, ಇಡೀ ಸಾಲಿಗೆ ಒಂದು ಹೆಸರು ಕೊಡುವುದು. ಪ್ಯಾಕ್ ಏನನ್ನೂ ಹಿಂದಿರುಗಿಸದು. ಆದುದರಿಂದ ನಿಮ್ಮ ಹೆಸರಿಗೆ ಸಿಗುವುದು ಚೌಕವಲ್ಲ, ಶೂನ್ಯ. ಮುಂದೆ ಅದರಿಂದ ಪಠ್ಯ ಕೇಳಿದಾಗ ‘ನನ್ ಟೈಪ್’ ಎಂಬ ಮಾತಿರುವ ವರದಿ ಬರುತ್ತದೆ. ಒಂದು ಸಾಲಿನಲ್ಲಿ ಚೌಕ ಮಾಡಿರಿ. ಮುಂದಿನ ಸಾಲಿನಲ್ಲಿ ಕೂರಿಸಿರಿ. ಕೂರಿಸಲು ಮರೆತರೆ ಚೌಕವು ಕಾಣಿಸಿಕೊಳ್ಳುವುದೇ ಇಲ್ಲ. ಒಂದೇ ಕಿಟಕಿಯಲ್ಲಿ ‘ಪ್ಯಾಕ್’, ‘ಗ್ರಿಡ್’ ಎಂಬ ಎರಡು ರೀತಿಗಳನ್ನು ಬೆರಸುವುದೂ ಸಲ್ಲದು.

೪. ಇಪ್ಪತ್ತೈದೂ ಹತ್ತೂ ಎರಡು ಸಾವಿರದೈನೂರ ಹತ್ತಾಗುವುದು

ಚೌಕದಲ್ಲಿ ಬರೆದುದೆಲ್ಲ ಪ್ರೋಗ್ರಾಮಿಗೆ ಅಕ್ಷರವೇ ಹೊರತು ಸಂಖ್ಯೆಯಲ್ಲ. ಒಂದು ಚೌಕದಲ್ಲಿ ೨೫, ಇನ್ನೊಂದರಲ್ಲಿ ೧೦ ಬರೆದು ಕೂಡಿಸಿದರೆ ೩೫ ಬರದೆ ೨೫೧೦ ಬರುತ್ತದೆ. ಅಕ್ಷರಗಳನ್ನು ಒಂದರ ಪಕ್ಕದಲ್ಲಿ ಒಂದು ಜೋಡಿಸುವುದೇ ಅಲ್ಲಿ ಕೂಡಿಸುವಿಕೆ. ‘ಇಂಟ್’ ಎಂಬ ಆಜ್ಞೆಯಿಂದ ಮೊದಲು ಸಂಖ್ಯೆಯಾಗಿ ಮಾರ್ಪಡಿಸಬೇಕು. ಕನ್ನಡಿಗರಿಗೆ ಸಂತೋಷದ ಸಂಗತಿಯೆಂದರೆ, ಕನ್ನಡದ ಅಂಕಿಗಳಲ್ಲಿ ಬರೆದರೂ ಇಂಟ್ ಅದನ್ನು ಸರಿಯಾಗಿ ಓದಿಕೊಳ್ಳುತ್ತದೆ. ಉತ್ತರವನ್ನು ಮಾತ್ರ ಇಂಗ್ಲಿಷ್ ಅಂಕಿಗಳಲ್ಲಿ ಕೊಡುತ್ತದೆ. ಚೌಕ ಖಾಲಿಯಿದ್ದರೆ ವ್ಯಾಲ್ಯೂ ಎರರ್ ಬರುತ್ತದೆ; ಆಗ ಪ್ರೋಗ್ರಾಮು ನಿಲ್ಲದೆ “ಮೊತ್ತ ಬರೆಯಿರಿ” ಎಂದು ಸದಸ್ಯನಿಗೆ ತಿಳಿಸುವಂತೆ ಬರೆಯುವುದು ಒಳ್ಳೆಯದು.

ಪಠ್ಯವನ್ನು ಯಾವಾಗ ಓದಬೇಕೆಂಬುದೂ ಮುಖ್ಯ. ಪ್ರೋಗ್ರಾಮಿನ ಆರಂಭದಲ್ಲಿಯೇ ಚೌಕವನ್ನು ಓದಿದರೆ ಖಾಲಿಯೇ ಸಿಗುವುದು. ಯಾರೂ ಇನ್ನೂ ಬರೆದಿರುವುದಿಲ್ಲವಲ್ಲ! ಬಟನ್ನು ಒತ್ತಿದಾಗ ನಡೆಯುವ ಕೆಲಸದೊಳಗೆ ಓದಬೇಕು.

ಹಣದ ಲೆಕ್ಕದಲ್ಲಿ ಇನ್ನೂ ಒಂದು ಜಾಗ್ರತೆ ಬೇಕು. ೦.೧ ಮತ್ತು ೦.೨ನ್ನು ಕೂಡಿಸೆಂದರೆ ಪೈಥಾನು ೦.೩ ಎನ್ನದೆ, ೩ರ ಮುಂದೆ ಹದಿನೈದು ಸೊನ್ನೆ, ಕೊನೆಗೊಂದು ೪ ಇರುವ ಉತ್ತರ ಕೊಡುತ್ತದೆ. ಯಂತ್ರವು ಎರಡರ ಘಾತಗಳಲ್ಲಿ ಲೆಕ್ಕ ಇಡುವುದರಿಂದ ಹತ್ತನೆಯ ಒಂದು ಭಾಗ ಅದಕ್ಕೆ ತೀರದ ಭಾಗಾಕಾರ. ನಮಗೆ ಒಂದನ್ನು ಮೂರರಿಂದ ಭಾಗಿಸಿದ ಹಾಗೆ. ಆದುದರಿಂದ ರೂಪಾಯಿಯನ್ನು ಬಿಟ್ಟು ಪೈಸೆಗಳಲ್ಲಿ ಪೂರ್ಣಸಂಖ್ಯೆಯಾಗಿ ಲೆಕ್ಕವಿಟ್ಟು, ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿರಿ.

೫. ಕಿಟಕಿ ಮರಗಟ್ಟುವುದು

ಬಟನ್ನು ಒತ್ತಿದ ಮೇಲೆ ಕಿಟಕಿ ಅಲುಗಾಡುವುದಿಲ್ಲ. ತಲೆಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಮೂಡುತ್ತದೆ. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯವನು ಒಬ್ಬನೇ ಇದ್ದಾನೆಂದು ಭಾವಿಸಿರಿ. ಗಿರಾಕಿ ದೋಸೆ ಕೇಳಿದೊಡನೆ ಅವನೇ ಎದ್ದು ಒಳಗೆ ಹೋಗಿ ಕಾವಲಿಯ ಮುಂದೆ ನಿಂತರೆ ಹೊರಗಿನ ಸಾಲು ಏನಾದೀತು? ಮೇನ್‌ಲೂಪ್ ಎಂಬುದು ಆ ಗಲ್ಲೆಯವನು. ನಿಮ್ಮ ಕೆಲಸ ಮುಗಿಯುವ ತನಕ ಅವನು ಬೇರೆ ಯಾರಿಗೂ ಸಿಗುವುದಿಲ್ಲ.

ಹೊಸಬರು “ಎರಡು ಸೆಕೆಂಡು ಕಾದು ಸಂದೇಶವನ್ನು ಅಳಿಸು,” ಎನ್ನಲು ‘ಸ್ಲೀಪ್’ ಎಂಬ ಆಜ್ಞೆಯನ್ನು ಬಳಸುತ್ತಾರೆ. ಆಗ ಗಲ್ಲೆಯವನೇ ನಿದ್ದೆ ಹೋಗುತ್ತಾನೆ. ಅದರ ಬದಲು ‘ಆಫ್ಟರ್’ ಎಂಬ ಆಜ್ಞೆಯನ್ನು ಬಳಸಿರಿ. “೨೦೦೦ ಮಿಲಿಸೆಕೆಂಡು ಕಳೆದ ಮೇಲೆ ಈ ಕೆಲಸ ಮಾಡು,” ಎಂದು ಚೀಟಿ ಬರೆದಿಟ್ಟು ಅವನು ತನ್ನ ಜಾಗದಲ್ಲಿಯೇ ಇರುತ್ತಾನೆ. ಇಲ್ಲಿಯೂ ಕೆಲಸದ ಹೆಸರಿಗೆ ಕಂಸ ಹಾಕಬಾರದೆಂಬುದನ್ನು ಮರೆಯಬೇಡಿ. ನಿಜವಾಗಿಯೂ ದೀರ್ಘವಾದ ಕೆಲಸವಿದ್ದರೆ ಅದನ್ನು ತುಂಡುಗಳಾಗಿ ಮಾಡಿ, ಒಂದೊಂದು ತುಂಡನ್ನು ಆಫ್ಟರ್ ಮೂಲಕ ನಡೆಸುವುದು ಹೊಸಬರಿಗೆ ಸುಲಭದ ದಾರಿ.

೬. ಕನ್ನಡ ಕಾಣದಿರುವುದು

ಈ ತೊಂದರೆಯನ್ನು ಇಂಗ್ಲಿಷ್ ಪುಸ್ತಕಗಳು ವಿವರಿಸುವುದು ಕಡಮೆ. ನಮಗೆ ಮಾತ್ರ ದಿನನಿತ್ಯದ್ದು. ಯುನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ೧೨೮ ಸ್ಥಾನಗಳು ಮೀಸಲಾದುವು. ಆದರೂ ಕನ್ನಡ ಕೆಡುವುದು ಏಕೆ? ಲಕ್ಷಣವನ್ನು ನೋಡಿ ರೋಗವನ್ನು ತಿಳಿಯಬೇಕು.

ಚೌಕಾಕಾರದ ಖಾಲಿ ಡಬ್ಬಿಗಳು ಕಂಡರೆ ಅಕ್ಷರಗಳು ಕ್ಷೇಮವಾಗಿವೆ. ತೋರಿಸುವ ಫಾಂಟು ಮಾತ್ರ ಇಲ್ಲ. ವಿಂಡೋಸಿನಲ್ಲಿ ‘ತುಂಗಾ’ ಅಥವಾ ‘ನಿರ್ಮಲಾ’ ಫಾಂಟನ್ನು ಆರಿಸಿರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಂಡರೆ, ಒಂದು ಕ್ರಮದಲ್ಲಿ ಬರೆದುದನ್ನು ಇನ್ನೊಂದು ಕ್ರಮದಲ್ಲಿ ಓದಲಾಗಿದೆ. ಅಥವಾ ಅದು ‘ನುಡಿ’, ‘ಬರಹ’ಗಳ ಹಳೆಯ ಫಾಂಟಿನಲ್ಲಿ ಮೂಡಿಸಿದ ಬರವಣಿಗೆ. ಪರಿವರ್ತಕದಿಂದ ಯುನಿಕೋಡಿಗೆ ತಂದರೆ ಸರಿಹೋಗುತ್ತದೆ. ಆದರೆ ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳನ್ನೇ ಉಳಿಸಿಬಿಟ್ಟಿದ್ದರೆ ಅಕ್ಷರಗಳು ಹೋದಂತೆಯೇ, ಮರಳಿ ಬಾರವು.

ಇದಕ್ಕೆ ಮುನ್ನೆಚ್ಚರಿಕೆ ಒಂದೇ ಮಾತಿನದು. ಫೈಲನ್ನು ತೆರೆಯುವಾಗ, ಓದಲಿಕ್ಕಾಗಲಿ ಬರೆಯಲಿಕ್ಕಾಗಲಿ, ಎನ್‌ಕೋಡಿಂಗ್ ‘ಯುಟಿಎಫ್-೮’ ಎಂದು ಸ್ಪಷ್ಟವಾಗಿ ನಮೂದಿಸತಕ್ಕದ್ದು. ನಮೂದಿಸದಿದ್ದರೆ ನಮ್ಮಲ್ಲಿಯ ಬಹುಪಾಲು ವಿಂಡೋಸ್ ಯಂತ್ರಗಳು ಯುರೋಪಿನ ಅಕ್ಷರಗಳಿಗಾಗಿ ಮಾಡಿದ ಹಳೆಯ ಪಟ್ಟಿಯನ್ನು ಹಿಡಿಯುತ್ತವೆ; ಅದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಎಕ್ಸೆಲಿನಲ್ಲಿ ತೆರೆಯಬೇಕಾದ ಪಟ್ಟಿಯಾದರೆ ‘ಯುಟಿಎಫ್-೮-ಸಿಗ್’ ಎಂದು ಬರೆದರೆ ಹೆಚ್ಚು ಅನುಕೂಲ.

ಅಕ್ಷರಗಳ ಎಣಿಕೆಯೂ ನಮ್ಮ ಕಣ್ಣಿನಂತಲ್ಲ. ‘ಕನ್ನಡ’ ಎಂಬುದು ನಮಗೆ ಮೂರಕ್ಷರ. ಪೈಥಾನು ಐದೆನ್ನುತ್ತದೆ, ಒತ್ತಿನ ಹಿಂದಿರುವ ವಿರಾಮಚಿಹ್ನೆಯನ್ನೂ ಅದು ಎಣಿಸುವುದರಿಂದ. ಆದುದರಿಂದ ಹೆಸರನ್ನು ಇಂತಿಷ್ಟು ಅಕ್ಷರಕ್ಕೆ ಕತ್ತರಿಸುವಂತೆ ಬರೆಯಬೇಡಿ. ಒತ್ತಕ್ಷರದ ಕಾಲು ಮುರಿದೀತು. ಕೀಲಿಮಣೆಯ ಬಗ್ಗೆ ಭಯವೂ ಬೇಡ. ಕರಾವಳಿಯ ಕಿನ್ನಿಕಂಬಳದವರಾದ, ಮುಂಬಯಿಯಲ್ಲಿಯೂ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಕರ್ನಾಟಕ ಸರಕಾರವು ಅಂಗೀಕರಿಸಿದೆ. ಉಚ್ಚಾರಕ್ಕೆ ಹೊಂದಿಕೊಂಡಿರುವ ಅದನ್ನು ಕಲಿಯುವುದು ಕಷ್ಟವಲ್ಲ.

೭. ನಮ್ಮಲ್ಲಿ ನಡೆಯುವುದು, ಅವರಲ್ಲಿ ನಡೆಯದಿರುವುದು

ನಿಮ್ಮ ಯಂತ್ರದಲ್ಲಿ ನಡೆಯುವ ಪ್ರೋಗ್ರಾಮು ಗೆಳೆಯನ ಯಂತ್ರದಲ್ಲಿ “ಫೈಲಿಲ್ಲ” ಎನ್ನುತ್ತದೆ. ಫೈಲಿನ ವಿಳಾಸದಲ್ಲಿ ನಿಮ್ಮ ಯಂತ್ರದ ಫೋಲ್ಡರಿನ ಪೂರ್ತಿ ಹೆಸರನ್ನು ಬರೆದಿರುವುದೇ ಕಾರಣ. ಪ್ರೋಗ್ರಾಮು ಇರುವ ಫೋಲ್ಡರನ್ನು ‘ಪಾತ್‌ಲಿಬ್’ ಎಂಬ ಭಾಗದಿಂದ ತಿಳಿದುಕೊಂಡು, ಅಲ್ಲಿಯೇ ಫೈಲನ್ನು ಹುಡುಕುವಂತೆ ಬರೆಯಿರಿ. ವಿಂಡೋಸಿನ ವಿಳಾಸಗಳಲ್ಲಿ ಬರುವ ಹಿಮ್ಮುಖ ಓರೆಗೆರೆಯ ಮುಂದೆ ‘ಎನ್’ ಅಕ್ಷರ ಬಂದರೆ ಪೈಥಾನು ಅದನ್ನು “ಹೊಸ ಸಾಲು” ಎಂದು ತಿಳಿಯುತ್ತದೆ. ಆದುದರಿಂದ ಮುಮ್ಮುಖ ಓರೆಗೆರೆಯನ್ನೇ ಬಳಸಿರಿ. ಗೆಳೆಯನ ಯಂತ್ರದಲ್ಲಿ ಪೈಥಾನೇ ಇಲ್ಲದಿದ್ದರೆ ‘ಪೈ-ಇನ್‌ಸ್ಟಾಲರ್’ ಎಂಬ ಉಪಕರಣವು ಎಲ್ಲವನ್ನೂ ಒಂದು ಗಂಟಾಗಿ ಕಟ್ಟಿಕೊಡುತ್ತದೆ.

೮. ಆ ಭಾನುವಾರ ನಡೆದುದು

ಈಗ ನಮ್ಮ ತರುಣನ ವಿಷಯಕ್ಕೆ ಬರೋಣ. ಅವನ ಪ್ರೋಗ್ರಾಮು ಮೂರು ತಿಂಗಳು ಸರಿಯಾಗಿಯೇ ನಡೆದಿತ್ತು. ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದೆವು. ಹಿಂದಿನ ಭಾನುವಾರ ಹೊಸ ಸದಸ್ಯರೊಬ್ಬರು, “ಕನ್ನಡ ವಾಚನಾಲಯದಲ್ಲಿ ನನ್ನ ಹೆಸರು ಕನ್ನಡದಲ್ಲಿಯೇ ಇರಲಿ,” ಎಂದರು. ನ್ಯಾಯವಾದ ಮಾತು. ಅವನು ಹಾಗೆಯೇ ಬರೆದು ‘ಉಳಿಸು’ ಒತ್ತಿದನು.

ಪ್ರೋಗ್ರಾಮು ಉಳಿಸುವಾಗಲೆಲ್ಲ ಹಳೆಯ ಫೈಲನ್ನು ‘ಬರೆಯುವ’ ರೀತಿಯಲ್ಲಿ ತೆರೆಯುತ್ತಿತ್ತು. ಹಾಗೆ ತೆರೆದ ಕ್ಷಣದಲ್ಲಿಯೇ, ಒಂದಕ್ಷರ ಬರೆಯುವ ಮೊದಲೇ, ಹಳೆಯದೆಲ್ಲ ಅಳಿದುಹೋಗುತ್ತದೆ. ಬಳಿಕ ಇಡೀ ಪಟ್ಟಿಯನ್ನು ಒಂದೇ ಪಠ್ಯವಾಗಿ ಜೋಡಿಸಿ ಒಮ್ಮೆಗೆ ಬರೆಯಬೇಕಿತ್ತು. ಯುಟಿಎಫ್-೮ ನಮೂದಿಸದಿದ್ದುದರಿಂದ ಆ ಒಂದು ಕನ್ನಡ ಹೆಸರಿನಲ್ಲಿ ಬರೆಯುವ ಕೆಲಸ ಮುಗ್ಗರಿಸಿತು. ಫೈಲು ಖಾಲಿಯಾಗಿಯೇ ಉಳಿಯಿತು.

ತಪ್ಪಿನ ವರದಿಯೂ ಬಂದಿರಲೇಬೇಕು. ಆದರೆ ಅದನ್ನು ಕಾಣುವವರಾರು? ಬಟನ್ನಿನ ಕೆಲಸದಲ್ಲಿ ತಪ್ಪಾದರೆ ಟಿಕೆ-ಇಂಟರ್ ಕಿಟಕಿಯನ್ನು ಮುಚ್ಚುವುದಿಲ್ಲ. ಹಿಂದಿನ ಕಪ್ಪು ಕಿಟಕಿಯಲ್ಲಿ ವರದಿ ಬರೆದು ಸುಮ್ಮನಾಗುತ್ತದೆ. ಆ ಕಪ್ಪು ಕಿಟಕಿ ಅಂದಗೆಡಿಸುತ್ತದೆಂದು, ಫೈಲಿನ ಬಾಲವನ್ನು ‘ಪಿವೈಡಬ್ಲ್ಯೂ’ ಎಂದು ಬದಲಾಯಿಸಿ ಅದನ್ನು ಅಡಗಿಸಲು ಅವನಿಗೆ ಕಲಿಸಿದವನು ನಾನೇ. ಕಿಟಕಿಯಲ್ಲಿ ಹೆಸರುಗಳೆಲ್ಲ ಕಾಣುತ್ತಲೇ ಇದ್ದುವು. ರಾತ್ರಿ ಎಂಟಕ್ಕೆ ನೆಮ್ಮದಿಯಿಂದ ಮುಚ್ಚಿ ಹೋದೆವು. ಮುಚ್ಚಿದೊಡನೆ ಸ್ಮೃತಿಯಲ್ಲಿದ್ದ ಪಟ್ಟಿಯೂ ಹೋಯಿತು.

ನೋಡಿದಿರಾ? ಇಂಗ್ಲಿಷ್ ಬಾರದುದರಿಂದ ಆದ ಅನರ್ಥವಲ್ಲ ಇದು. ಮೂರು ಚಿಕ್ಕ ತಪ್ಪುಗಳು ಕೈ ಹಿಡಿದುಕೊಂಡು ಬಂದುವು. ಅವುಗಳಲ್ಲಿ ಒಂದು ಶಿಷ್ಯನಿಗೆ ಕಲಿಸಿದ ಮಾಸ್ತರನದು. ಇದನ್ನು ಅವನ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿ, “ಹಾಗಾದರೆ ಇದನ್ನು ತಿದ್ದಲಿಕ್ಕೆ ಆಗುತ್ತದೆ,” ಎಂದನು.

ಅವನೇ ತಿದ್ದಿದನು. ಈಗ ಪ್ರೋಗ್ರಾಮು ಮೊದಲು ಬೇರೊಂದು ಹೆಸರಿನ ಫೈಲಿನಲ್ಲಿ ಯುಟಿಎಫ್-೮ ಕ್ರಮದಲ್ಲಿ ಪೂರ್ತಿ ಬರೆಯುತ್ತದೆ. ಬರೆದು ಮುಗಿದ ಮೇಲೆಯೇ ‘ರಿಪ್ಲೇಸ್’ ಎಂಬ ಆಜ್ಞೆಯಿಂದ ಹಳೆಯದರ ಜಾಗಕ್ಕೆ ತರುತ್ತದೆ. ನಡುವೆ ಮುಗ್ಗರಿಸಿದರೆ ಹಳೆಯ ಫೈಲು ಹಾಗೆಯೇ ಇರುತ್ತದೆ. “ಉಳಿಸಲು ಆಗಲಿಲ್ಲ, ಕಿಟಕಿ ಮುಚ್ಚಬೇಡಿ” ಎಂಬ ಕನ್ನಡ ಸಂದೇಶ ಮುಂದೆ ಬರುತ್ತದೆ. ಪ್ರತಿ ಭಾನುವಾರದ ಪ್ರತಿಯೊಂದು ಆ ದಿನದ ತಾರೀಕಿನ ಹೆಸರಿನಲ್ಲಿ ಪೆನ್‌ಡ್ರೈವಿಗೆ ಹೋಗುತ್ತದೆ. ಮುಂದಿನ ಹೆಜ್ಜೆಯಾಗಿ ‘ಎಸ್‌ಕ್ಯೂಲೈಟ್’ ಎಂಬ, ೨೦೦೦ದಲ್ಲಿ ಹೊರಬಂದ ದತ್ತಸಂಗ್ರಹವನ್ನು ಕಲಿಯುತ್ತಿದ್ದಾನೆ. ಪೈಥಾನಿನ ಜೊತೆಗೇ ಬರುವ ಅದು ಈ ರಕ್ಷಣೆಯನ್ನು ತಾನೇ ನೋಡಿಕೊಳ್ಳುತ್ತದೆ. ರಶೀದಿ ಪುಸ್ತಕವನ್ನು ಮಾತ್ರ ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಅಭ್ಯಾಸ

೧. ಒಂದು ಚೌಕ, ಒಂದು ಬಟನ್ನು ಇರುವ ಕಿಟಕಿಯನ್ನು ಮಾಡಿ, ನಿಮ್ಮ ಹೆಸರನ್ನು ಕನ್ನಡದಲ್ಲಿ ಫೈಲಿಗೆ ಉಳಿಸಿರಿ. ಮುಚ್ಚಿ ಮತ್ತೆ ತೆರೆದು ಓದಿರಿ.

೨. ಬಟನ್ನಿನ ಕಮಾಂಡಿನಲ್ಲಿ ಬೇಕೆಂದೇ ಕಂಸ ಹಾಕಿ ಏನಾಗುವುದೆಂದು ನೋಡಿರಿ. ಬಳಿಕ ತೆಗೆಯಿರಿ.

೩. ಎನ್‌ಕೋಡಿಂಗಿನ ಮಾತನ್ನು ತೆಗೆದು ನಡೆಸಿ, ಬಂದ ವರದಿಯ ಕೊನೆಯ ಸಾಲನ್ನು ನಿಮ್ಮ ಚೀಟಿಗೆ ಬರೆದುಕೊಳ್ಳಿರಿ. ಇದನ್ನು ಖಾಲಿ ಫೈಲಿನ ಮೇಲೆಯೇ ಮಾಡತಕ್ಕದ್ದು. ಠೇವಣಿಯ ಲೆಕ್ಕದ ಮೇಲಲ್ಲ.

ಭಾನುವಾರ ಬರುವಾಗ ಆ ಚೀಟಿಯನ್ನು ತನ್ನಿರಿ. ಕಂಪ್ಯೂಟರು ಒಂದೇ ಇದೆ. ಸರದಿಯಂತೆ ಕುಳಿತು ನೋಡೋಣ. ಬಾಗಿಲ ಬಳಿಯ ಬೆಂಚಿನಲ್ಲಿ ಠೇವಣಿ ಬರೆದುಕೊಳ್ಳುತ್ತ ಕುಳಿತಿರುವ ತರುಣನನ್ನು ಮೊದಲು ಕೇಳಿರಿ. ಬಹುಪಾಲು ತಪ್ಪುಗಳಿಗೆ ಅವನಲ್ಲಿಯೇ ಉತ್ತರ ಸಿಗುವುದು.